ಕೋವಿಡ್ ನಂತರ ದಾವಣಗೆರೆಯಂತಹ ಜಿಲ್ಲೆಯಲ್ಲಿ ಆರೋಗ್ಯ ಸೇವೆ ಮತ್ತು ವೃದ್ಧರ ಆರೈಕೆ ನಿಜವಾಗಿ ಸುಧಾರಿಸುವ ಭರವಸೆ ಇದೆಯೇ?

ಭರವಸೆ ಖಂಡಿತ ಇದೆ. ಆದರೆ ಆಸ್ಪತ್ರೆಗೆ ಬಂದ ಹೊಸ ಯಂತ್ರಗಳಿಗಿಂತ, ಕಾಯಿಲೆ ಉಲ್ಬಣಿಸುವ ಮೊದಲೇ ರೋಗಿಯ ಮನೆ ತಲುಪುವ ವ್ಯವಸ್ಥೆಯ ಮೇಲೆ ಅದು ಹೆಚ್ಚು ನಿಂತಿದೆ.

ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಮಕ್ಕಳು ಬೆಂಗಳೂರಿಗೆ ದುಡಿಯಲು ಹೋದ ಮೇಲೆ ಒಬ್ಬರೇ ಉಳಿದ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ಮಾತ್ರೆ ಉಚಿತವಾಗಿ ಸಿಕ್ಕರೂ, ತಂದುಕೊಡುವವರಿಲ್ಲದೆ ಅವರು ಅದನ್ನು ನಿಲ್ಲಿಸಿಬಿಡುತ್ತಾರೆ. ಕೆಲವು ತಿಂಗಳ ನಂತರ ಪಾರ್ಶ್ವವಾಯು ಬಡಿದು ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಗೆ ಸೇರಬೇಕಾಗಬಹುದು. ಔಷಧ ಒಂದು ಇಲಾಖೆಯದು, ಪಿಂಚಣಿ ಇನ್ನೊಂದು ಇಲಾಖೆಯದು, ಜೊತೆಗಿದ್ದು ನೋಡಿಕೊಳ್ಳುವುದು ಯಾರದೂ ಅಲ್ಲ ಎಂಬಂತಾದಾಗ ಚಿಕಿತ್ಸೆಯ ಸರಪಳಿ ಕಡಿಯುವುದು ಹೀಗೆಯೇ.

ಸಾಂಕ್ರಾಮಿಕದ ಕಾಲದಲ್ಲಿ ಈ ಅಂತರ ಸ್ವಲ್ಪಮಟ್ಟಿಗೆ ತುಂಬಿತ್ತು. 2020ರಲ್ಲಿ ರಾಜ್ಯದಾದ್ಯಂತ ಮನೆಮನೆ ಸಮೀಕ್ಷೆ ನಡೆಸಿ ವೃದ್ಧರು, ಗರ್ಭಿಣಿಯರು, ದೀರ್ಘಕಾಲದ ಕಾಯಿಲೆ ಇರುವವರನ್ನು ಗುರುತಿಸಲಾಯಿತು. ಯಾವ ಮನೆಯಲ್ಲಿ ಯಾರು ಒಂಟಿಯಾಗಿದ್ದಾರೆ ಎಂಬುದು ಆಶಾ ಕಾರ್ಯಕರ್ತೆಯರಿಗೆ ಚೆನ್ನಾಗಿ ತಿಳಿದಿತ್ತು. ಅಂತಹ ಪಟ್ಟಿಯನ್ನು ಪ್ರತಿ ತಿಂಗಳು ಪರಿಷ್ಕರಿಸುತ್ತಾ, ಆರೋಗ್ಯ ಕೇಂದ್ರವೂ ಗ್ರಾಮ ಪಂಚಾಯಿತಿಯೂ ಒಟ್ಟಿಗೆ ಬಳಸುವುದೇ ಅತ್ಯಂತ ಫಲಕಾರಿ ಸುಧಾರಣೆ ಎಂದು ನಾನು ನಂಬುತ್ತೇನೆ. ನೆರವಿಗೆ ಸರ್ಕಾರದ ಇ-ಸಂಜೀವಿನಿ ಸೇವೆಯ ಮೂಲಕ ವೈದ್ಯರೊಂದಿಗೆ ವಿಡಿಯೊ ಸಮಾಲೋಚನೆ, ಮಾನಸಿಕ ಆರೋಗ್ಯಕ್ಕೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ (14416), ಹಿರಿಯ ನಾಗರಿಕರ ಸಹಾಯವಾಣಿ (14567) ಈಗಾಗಲೇ ಇವೆ. ಇವೆಲ್ಲವನ್ನೂ ಅಜ್ಜಿಯ ಬಾಗಿಲಿಗೆ ಮುಟ್ಟಿಸಬೇಕಾದ ಆಶಾ ಕಾರ್ಯಕರ್ತೆ ಮಾತ್ರ ಇಂದಿಗೂ ನಿಗದಿತ ಸಂಬಳವಿಲ್ಲದೆ, ಗೌರವಧನ ಮತ್ತು ಪ್ರೋತ್ಸಾಹಧನದ ಮೇಲೆ ದುಡಿಯುತ್ತಿದ್ದಾರೆ. ಮೊದಲು ಸರಿಯಾಗಬೇಕಾದದ್ದು ಅದು.