ಸಣ್ಣ ಊರಿನ ಹುಡುಗಿ ಸೀರಿಯಲ್ ನಟಿಯಾದರೆ ಬದುಕು ಹೇಗಿರುತ್ತದೆ?

ನಿಮ್ಮ ಪ್ರಶ್ನೆ ಓದಿದೆ. ತಂಗಿ ದಾವಣಗೆರೆಯಲ್ಲಿ ಬಿ.ಕಾಂ ಕೊನೆ ವರ್ಷ. ಬೆಂಗಳೂರಿನಿಂದ ಸೀರಿಯಲ್ ಆಡಿಷನ್‌ಗೆ ಕರೆ ಬಂದಿದೆ. ಅಪ್ಪ ಬೇಡ ಅನ್ನುತ್ತಿದ್ದಾರೆ. ಕಳಿಸಬಹುದಾ, ಅಲ್ಲಿ ಬದುಕು ನಿಜವಾಗಿ ಹೇಗಿರುತ್ತೆ ಅಂತ ಕೇಳಿದ್ದೀರಿ.

ನಾನು ಜಗಳೂರಿನವಳು. ಡಿಗ್ರಿ ಓದಿದ್ದು ದಾವಣಗೆರೆಯಲ್ಲಿ. ಸೀರಿಯಲ್‌ಗಳಲ್ಲಿ ಪಾತ್ರ ಮಾಡಲು ಶುರು ಮಾಡಿ ಹತ್ತು ವರ್ಷಕ್ಕೂ ಜಾಸ್ತಿ ಆಯಿತು. ನಾಯಕಿ ಆಗಿಲ್ಲ. ಅತ್ತಿಗೆ, ನಾದಿನಿ, ಪಕ್ಕದ ಮನೆಯವಳು, ಒಮ್ಮೆ ಲಾಯರ್. ನಿಮ್ಮ ಮನೆಯವರು ನನ್ನ ಮುಖ ನೋಡಿರುತ್ತಾರೆ, ಹೆಸರು ಗೊತ್ತಿರಲಿಕ್ಕಿಲ್ಲ. ಟಿವಿಯಲ್ಲಿ ಕೆಲಸ ಮಾಡುವ ಬಹಳಷ್ಟು ಹೆಣ್ಣುಮಕ್ಕಳ ಬದುಕು ಹೀಗೇ ಇದೆ. ಅದಿತಿ ಪ್ರಭುದೇವ ದಾವಣಗೆರೆಯವರು, ಇಂಜಿನಿಯರಿಂಗ್ ಓದಿದವರು, ಸೀರಿಯಲ್ ಮಾಡಿ ಸಿನಿಮಾ ನಾಯಕಿಯಾದರು. ನಿಮ್ಮ ತಂಗಿಯ ಕಣ್ಣ ಮುಂದೆ ಅವರೇ ಇರಬಹುದು. ಇರಲಿ, ಒಳ್ಳೆಯದೇ. ಆದರೆ ಅಣ್ಣನಾಗಿ ನೀವು ನನ್ನಂಥವರ ಲೆಕ್ಕವನ್ನೂ ತಿಳಿದಿರಬೇಕು.

ಕಳಿಸಿ ಅಂತಲೇ ಹೇಳುತ್ತೇನೆ. ಆದರೆ ಮನೆಯಲ್ಲಿ ಕೂತು ಮಾತಾಡುವಾಗ ಆಡಿಷನ್ ಬಗ್ಗೆ ಕಡಿಮೆ ಮಾತಾಡಿ, ಕೆಲಸ ಇಲ್ಲದ ತಿಂಗಳುಗಳ ಬಗ್ಗೆ ಜಾಸ್ತಿ ಮಾತಾಡಿ. ಒಂದು ಸೀರಿಯಲ್ ಮುಗಿದು ಇನ್ನೊಂದು ಸಿಗುವ ತನಕ ಖಾಲಿ ಕೂರುತ್ತೀವಲ್ಲ, ಈ ಕೆಲಸದಲ್ಲಿ ಯಾರು ಉಳಿಯುತ್ತಾರೆ, ಯಾರು ಊರಿಗೆ ವಾಪಸ್ ಹೋಗುತ್ತಾರೆ ಅನ್ನುವುದು ಅಲ್ಲೇ ತೀರ್ಮಾನ ಆಗುತ್ತೆ. ನಾನು ನೋಡಿದ ಹಾಗೆ, ಪ್ರತಿಭೆ ಇಲ್ಲದೆ ಬಿಟ್ಟು ಹೋದವರು ಕಡಿಮೆ. ಬಾಡಿಗೆ ಕಟ್ಟಲಾಗದೆ ಹೋದವರೇ ಜಾಸ್ತಿ.

ಹಣದ ವಿಷಯ ಬಿಡಿಸಿ ಹೇಳುತ್ತೇನೆ. ನಮಗೆ ತಿಂಗಳ ಸಂಬಳ ಇಲ್ಲ. ದಿನಕ್ಕೆ ಇಷ್ಟು ಅಂತ ಮಾತಾಗಿರುತ್ತೆ, ಎಷ್ಟು ದಿನ ಕ್ಯಾಮೆರಾ ಮುಂದೆ ನಿಂತೆವೋ ಅಷ್ಟು ದಿನದ ದುಡ್ಡು. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದರೆ ಕಥೆ ಸುಮಾರು 22 ನಿಮಿಷ. ಅಷ್ಟನ್ನು ಹೆಚ್ಚೂ ಕಡಿಮೆ ಒಂದು ದಿನದಲ್ಲಿ ತೆಗೆಯುತ್ತಾರೆ. ನಾಯಕಿ ತಿಂಗಳ ಬಹುಪಾಲು ದಿನ ಸೆಟ್‌ನಲ್ಲೇ ಇರುತ್ತಾಳೆ. ಪೋಷಕ ಪಾತ್ರದವರಿಗೆ ಕಥೆ ನಮ್ಮ ಕಡೆ ತಿರುಗಿದರೆ ಹದಿನೈದು ದಿನ ಸಿಗಬಹುದು, ತಿರುಗದಿದ್ದರೆ ಐದೇ ದಿನ. ಆ ದುಡ್ಡೂ ಮರುದಿನ ಕೈಗೆ ಬರುವುದಿಲ್ಲ. ಎರಡು ಮೂರು ತಿಂಗಳು ತಡವಾಗುವುದು ಮಾಮೂಲು. ನನಗೆ ಒಂದು ಕಡೆ ಕೊನೆಯ ಎರಡು ತಿಂಗಳ ಹಣ ಬರಲೇ ಇಲ್ಲ. ಫೋನ್ ಮಾಡಿ ಮಾಡಿ ಸಾಕಾಯಿತು. ಸೀರೆ, ಬ್ಲೌಸ್ ಬಹಳ ಸಲ ನಮ್ಮದೇ. ಒಂದೇ ಸೀರೆ ಮತ್ತೆ ಮತ್ತೆ ಉಡುವ ಹಾಗಿಲ್ಲ. ಪಿ.ಎಫ್. ಇಲ್ಲ, ರಜೆಗೆ ಸಂಬಳ ಇಲ್ಲ. ಕೊಡುವ ಹಣದಲ್ಲಿ ಸಾಮಾನ್ಯವಾಗಿ ಶೇ. 10 ಟಿಡಿಎಸ್, ಅಂದರೆ ಆದಾಯ ತೆರಿಗೆ ಅಂತ ಮೊದಲೇ ಹಿಡಿಯುತ್ತಾರೆ. ಆದಾಯ ಕಡಿಮೆ ಇದ್ದರೆ ರಿಟರ್ನ್ ಹಾಕಿ ಅದನ್ನು ವಾಪಸ್ ಪಡೆಯಬಹುದು. ಎಷ್ಟೋ ಹುಡುಗಿಯರು ಹಾಕುವುದೇ ಇಲ್ಲ. ನಿಮ್ಮ ತಂಗಿ ಬಿ.ಕಾಂ, ಅವಳಿಗೆ ಇದು ಕಷ್ಟವಾಗಲಾರದು. ದಯವಿಟ್ಟು ಡಿಗ್ರಿ ಮುಗಿಸಿಯೇ ಬರಲಿ.

ಪಾತ್ರ ಹೇಗೆ ಮುಗಿಯುತ್ತೆ ಗೊತ್ತಾ? ಯಾರೂ ಕರೆದು ಕೂರಿಸಿ ಹೇಳುವುದಿಲ್ಲ. ಗುರುವಾರ ಟಿಆರ್‌ಪಿ, ಅಂದರೆ ಯಾವ ಸೀರಿಯಲ್ ಎಷ್ಟು ಜನ ನೋಡಿದರು ಅನ್ನುವ ಲೆಕ್ಕ ಬರುತ್ತೆ. ಸೆಟ್‌ನಲ್ಲಿ ಎಲ್ಲರ ಕಿವಿಯೂ ಅವತ್ತು ಫೋನಿನ ಕಡೆಗೇ ಇರುತ್ತೆ. ಅಂಕಿ ಇಳಿದರೆ ಕಥೆ ಬದಲಾಗುತ್ತೆ. ಅತ್ತಿಗೆಯನ್ನು ತವರಿಗೆ ಕಳಿಸುತ್ತಾರೆ. ನಾದಿನಿಯನ್ನು ಓದಲು ವಿದೇಶಕ್ಕೆ ಕಳಿಸುತ್ತಾರೆ. ಮುಂದಿನ ಶೆಡ್ಯೂಲ್‌ನಲ್ಲಿ ನಮ್ಮ ಹೆಸರು ಇರುವುದಿಲ್ಲ, ಅಷ್ಟೇ. ಮೊದಲ ಸಲ ಹೀಗಾದಾಗ ನನ್ನ ನಟನೆಯಲ್ಲೇ ಏನೋ ಕೊರತೆ ಇದೆ ಅಂದುಕೊಂಡು ತುಂಬಾ ದಿನ ಅತ್ತಿದ್ದೇನೆ. ಆಮೇಲೆ ಒಬ್ಬ ಹಿರಿಯ ನಟಿ ತಮಗೂ ಹೀಗೆ ಎಷ್ಟು ಸಲ ಆಗಿದೆ ಅಂತ ಕೂತು ಹೇಳಿದರು. ಆಗ ಸಮಾಧಾನವಾಯಿತು. ತಂಗಿಗೆ ಇದನ್ನು ಈಗಲೇ ಹೇಳಿಡಿ.

ಖಾಲಿ ತಿಂಗಳಿನ ಕಷ್ಟ ಬೆಂಗಳೂರಿನದಷ್ಟೇ ಅಲ್ಲ, ಊರಿನದೂ ಹೌದು. ಸೀರಿಯಲ್ ಬರುತ್ತಿದ್ದಾಗ ನಮ್ಮಮ್ಮ ಸಂತೆಗೆ ಹೋದರೆ ಜನ ನಿಲ್ಲಿಸಿ ಮಾತಾಡಿಸುತ್ತಿದ್ದರು. ಬರುವುದು ನಿಂತ ವಾರಕ್ಕೇ "ಯಾಕಮ್ಮಾ, ಮಗಳನ್ನ ಬಿಡಿಸಿಬಿಟ್ರಾ?" ಶುರುವಾಯಿತು. ಅದರ ಬೆನ್ನಿಗೇ ಮದುವೆ ಮಾತು. ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ ಬಿಟ್ಟು ಮನೆಯಲ್ಲಿ ಕೂತ ಹುಡುಗನಿಗೆ ಇಷ್ಟು ಜನ ಪ್ರಶ್ನೆ ಕೇಳುವುದಿಲ್ಲ. ಈ ಸಮಯದಲ್ಲಿ ಮನೆಯ ಒಬ್ಬರಾದರೂ ಅವಳ ಪರವಾಗಿ ಉತ್ತರ ಕೊಡಬೇಕು. ಆ ಒಬ್ಬರು ನೀವೇ ಆಗಬೇಕಾಗುತ್ತೆ ಅನ್ನಿಸುತ್ತೆ.

ನಿಮ್ಮ ತಂದೆಯವರ ವಿಷಯ. ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ನಮ್ಮ ಅಪ್ಪನೂ ಹಾಗೇ ಇದ್ದರು, ಅದಕ್ಕೆ ಕಾರಣ ಇತ್ತು. ನಮ್ಮ ಕಡೆ ಹಳ್ಳಿಗಳಲ್ಲಿ ಹುಡುಗರು ನಾಟಕ ಆಡಿಸುತ್ತಾರಲ್ವಾ, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಅವರು ಮಧ್ಯಾಹ್ನ ಬಸ್ಸಿಳಿದು, ಸಂಜೆ ಒಮ್ಮೆ ಮಾತು ಒಪ್ಪಿಸಿ, ರಾತ್ರಿಯಿಡೀ ಆಡಿ ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು. ಇಡೀ ನಾಟಕ ಅವರ ಬಾಯಲ್ಲೇ ಇರುತ್ತಿತ್ತು. ಹೀರೋ ಮಾತು ಮರೆತರೆ ಇವರೇ ಎತ್ತಿಕೊಡುತ್ತಿದ್ದರು. ರಾತ್ರಿ ಅವರಿಗೆ ಮೈಕಿನಲ್ಲಿ ಕೂಗಿಸಿ ಬಹುಮಾನ ಕೊಟ್ಟ ಜನವೇ ಬೆಳಿಗ್ಗೆ ಅವರ ಬಗ್ಗೆ ಹಗುರವಾಗಿ ಮಾತಾಡುವುದನ್ನು ನಾನೇ ಕೇಳಿದ್ದೇನೆ. ಅಪ್ಪಂದಿರಿಗೆ ಆ ಮಾತುಗಳ ಭಯ.

ಆದರೆ ದಾವಣಗೆರೆಯಲ್ಲೇ ಇದಕ್ಕೆ ಇನ್ನೊಂದು ಉದಾಹರಣೆ ಇದೆ. ಚಿಂದೋಡಿ ಲೀಲಾ ಅವರ ಹೆಸರು ಹೇಳಿ ನೋಡಿ, ನಿಮ್ಮ ತಂದೆಯವರಿಗೆ ಖಂಡಿತ ಗೊತ್ತಿರುತ್ತೆ. ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯಲ್ಲಿ ನಟಿಸಿ, ಆ ಕಂಪನಿಯನ್ನೇ ನಡೆಸಿದ ಹೆಣ್ಣುಮಗಳು. 1988ರಲ್ಲಿ ಪದ್ಮಶ್ರೀ ಬಂತು. ಕರ್ನಾಟಕ ನಾಟಕ ಅಕಾಡೆಮಿಗೆ ಅಧ್ಯಕ್ಷರಾಗಿದ್ದರು. 2010ರಲ್ಲಿ ತೀರಿಕೊಂಡರು. ಕಂಪನಿಯಲ್ಲಿ ಕಷ್ಟ ಕಡಿಮೆ ಇರಲಿಲ್ಲ. ಆದರೆ ಅಲ್ಲಿ ಎಲ್ಲರೂ ಒಂದೇ ಕ್ಯಾಂಪ್‌ನಲ್ಲಿ ಇದ್ದು, ಒಂದೇ ಅಡುಗೆ ಉಣ್ಣುತ್ತಿದ್ದರು. ಟಿವಿಯಲ್ಲಿ ಪ್ಯಾಕಪ್ ಆದ ಮೇಲೆ ನಮ್ಮ ನಮ್ಮ ಪಾಡು ನಮ್ಮದು. ನಟಿಗೆ ಊಟ, ಜಾಗ, ಜೊತೆ ಎಲ್ಲವನ್ನೂ ಕೆಲಸವೇ ಕೊಡುತ್ತಿದ್ದ ಕಾಲ ಹೋಯಿತು. ಈಗ ಅದನ್ನು ನಾವೇ ಕಟ್ಟಿಕೊಳ್ಳಬೇಕು.

ಹೇಗೆ ಅಂತ ಕೇಳಿದರೆ, ನನ್ನನ್ನು ಉಳಿಸಿದ್ದು ರಂಗಭೂಮಿ. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಲ್ಲಿ ಶಿವಕುಮಾರ ರಂಗಪ್ರಯೋಗ ಶಾಲೆ ಇದೆ. ಒಂದು ವರ್ಷದ ಡಿಪ್ಲೊಮಾ, ಅಲ್ಲೇ ಇದ್ದು ಕಲಿಯಬೇಕು. 1997ರಲ್ಲಿ ಶುರುವಾದ ಶಿವಸಂಚಾರ ತಂಡವೂ ಅಲ್ಲಿಯದೇ, ಪ್ರತಿ ವರ್ಷ ನಾಟಕಗಳನ್ನು ಹೊತ್ತು ರಾಜ್ಯ ಸುತ್ತುತ್ತೆ. ಹೆಗ್ಗೋಡಿನ ನೀನಾಸಂ ನಾಟಕ ಶಾಲೆ 1980ರಿಂದ ಇದೆ. ನಾನು ಡಿಗ್ರಿ ಆದಮೇಲೆ ಸಾಣೇಹಳ್ಳಿಗೆ ಹೋದೆ. ಬೆಳಿಗ್ಗೆ ಬೇಗ ಎದ್ದು ದೇಹ ಪಳಗಿಸುವುದು, ಧ್ವನಿ ಅಭ್ಯಾಸ, ಹಾಡು, ರಂಗ ಕಟ್ಟುವುದು, ಗುಡಿಸುವುದು, ಎಲ್ಲವೂ ನಮ್ಮದೇ. ಅಲ್ಲಿ ಬಂದ ಧ್ವನಿ ಇವತ್ತಿಗೂ ನನಗೆ ಅನ್ನ ಕೊಡುತ್ತಿದೆ. ಸೆಟ್‌ನಲ್ಲಿ ಸಹಾಯಕ ನಿರ್ದೇಶಕರು ಹೊರಗಿನಿಂದ ನಮ್ಮ ಮಾತನ್ನು ಪ್ರಾಂಪ್ಟ್ ಮಾಡುತ್ತಾರೆ, ಕೇಳಿಸಿಕೊಂಡು ತಕ್ಷಣ ಹೇಳಬೇಕು. ಕೇಳುವುದು, ಹೇಳುವುದು, ಎದುರಿನವರ ಕಣ್ಣು ನೋಡುವುದು, ಮೂರೂ ಒಟ್ಟಿಗೆ ಆಗಬೇಕು. ತರಬೇತಿ ಇಲ್ಲದೆ ಬಂದ ಹುಡುಗಿಯರು ಮೊದಲ ವಾರ ಇಲ್ಲೇ ಸೋಲುತ್ತಾರೆ. ಮುಖ ಚೆನ್ನಾಗಿದೆ ಅಂತ ತೆಗೆದುಕೊಂಡವರೇ ಹದಿನೈದು ದಿನಕ್ಕೆ ಬೇರೆಯವರನ್ನು ಹುಡುಕುತ್ತಾರೆ.

ನಮ್ಮ ಕಡೆಯ ಮಾತಿನ ಧಾಟಿ ಬಗ್ಗೆ ಹೆದರಿಕೆ ಬೇಡ. ಸೀರಿಯಲ್‌ಗೆ ಬೆಂಗಳೂರು ಮೈಸೂರು ಕಡೆಯ ಕನ್ನಡ ಬೇಕು, ಅದನ್ನು ಕಲಿಯಬಹುದು. ಆದರೆ ನಮ್ಮದನ್ನು ಮರೆಯಬಾರದು. ಹಳ್ಳಿ ಕಥೆಯ ಒಂದು ಸೀರಿಯಲ್‌ನಲ್ಲಿ ಜಗಳೂರಿನ ಮಾತು ಬರುತ್ತೆ ಅನ್ನುವ ಒಂದೇ ಕಾರಣಕ್ಕೆ ನನಗೆ ಒಳ್ಳೆಯ ಪಾತ್ರ ಸಿಕ್ಕಿದೆ.

2020ರ ಮಾರ್ಚ್‌ನಲ್ಲಿ ಶೂಟಿಂಗ್ ಪೂರ್ತಿ ನಿಂತಿತು. ನಾನು ಜಗಳೂರಿಗೆ ಬಂದು ಕೂತೆ. ಕೈಯಲ್ಲಿದ್ದ ಸ್ವಲ್ಪ ದುಡ್ಡು ಕರಗುತ್ತಾ ಬಂತು. ಆ ವರ್ಷವೇ ಹಿಂದಿಯಿಂದ ಡಬ್ ಆದ ಪೌರಾಣಿಕ ಧಾರಾವಾಹಿಗಳು ಕನ್ನಡ ಚಾನೆಲ್‌ಗಳಲ್ಲಿ ಬಂದವು. ಅವು ನಮ್ಮ ಕೆಲಸ ಕಿತ್ತುಕೊಳ್ಳುತ್ತವೆ ಅಂತ ಬಹಳ ಜನರಿಗೆ ನೋವಾಯಿತು, ನನಗೂ ಆಯಿತು. ಆದರೆ ಅವುಗಳಿಗೆ ಧ್ವನಿ ಕೊಡುವವರು ಬೇಕಾದರು. ಶೂಟಿಂಗ್ ಶುರುವಾದ ಮೇಲೂ ನನಗೆ ಪಾತ್ರ ಇರಲಿಲ್ಲ, ಡಬ್ಬಿಂಗ್ ಇತ್ತು. 2021ರಲ್ಲಿ ಮತ್ತೆ ಲಾಕ್‌ಡೌನ್ ಆದಾಗ ಕೆಲವು ತಂಡಗಳು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಹೋಗಿ ಶೂಟ್ ಮಾಡಿದವು. ಆಗಲೂ ನನ್ನ ಬಾಡಿಗೆ ಕಟ್ಟಿದ್ದು ಡಬ್ಬಿಂಗೇ. ಈಗ ಶನಿವಾರ ಭಾನುವಾರ ಮಕ್ಕಳಿಗೆ ನಾಟಕ ಹೇಳಿಕೊಡುತ್ತೇನೆ. ಪಾತ್ರ ಇರಲಿ ಬಿಡಲಿ, ಅದನ್ನು ನಿಲ್ಲಿಸುವುದಿಲ್ಲ. ಇದರಿಂದ ಒಂದು ದೊಡ್ಡ ಬದಲಾವಣೆ ಆಗಿದೆ. ಇಷ್ಟವಿಲ್ಲದ ಪಾತ್ರಕ್ಕೆ, ಸರಿಯಿಲ್ಲ ಅನ್ನಿಸಿದ ಜಾಗಕ್ಕೆ ಬೇಡ ಅನ್ನುವ ಧೈರ್ಯ ಬಂದಿದೆ. ಮುಂದಿನ ತಿಂಗಳ ಬಾಡಿಗೆ ಕೈಯಲ್ಲಿ ಇಲ್ಲದವಳಿಗೆ ಬೇಡ ಅನ್ನುವುದು ಬಹಳ ಕಷ್ಟ. ಹೆಣ್ಣುಮಕ್ಕಳ ಸುರಕ್ಷತೆ ಬಗ್ಗೆ ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಆಡಿಷನ್‌ಗೆ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಪೋರ್ಟ್‌ಫೋಲಿಯೋ ಮಾಡಿಸಿ, ಕೋರ್ಸ್ ಸೇರಿ, ಆಮೇಲೆ ಪಾತ್ರ ಅಂದರೂ ಅಷ್ಟೇ. ಆಡಿಷನ್ ಯಾವ ಚಾನೆಲ್‌ಗೆ, ಯಾವ ನಿರ್ಮಾಣ ಸಂಸ್ಥೆ ಅಂತ ಕೇಳಿ, ಆ ಸಂಸ್ಥೆಯ ಆಫೀಸಿಗೇ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಸಂಜೆ ಹೊತ್ತು ಹೋಟೆಲ್ ರೂಮಿಗೆ ಬಾ ಅನ್ನುವುದು ಆಡಿಷನ್ ಅಲ್ಲ. ಹತ್ತು ಜನ ಅಥವಾ ಜಾಸ್ತಿ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು ಅಂತ 2013ರ ಕಾನೂನು ಹೇಳುತ್ತೆ. ಸೀರಿಯಲ್ ಸೆಟ್ ಕೂಡ ಕೆಲಸದ ಜಾಗವೇ. ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಆಯ್ಕೆ ಆದರೆ ಅಗ್ರಿಮೆಂಟ್ ಕೊಡುತ್ತಾರೆ. ಅಲ್ಲೇ ಸಹಿ ಹಾಕಬೇಡಿ, ಮನೆಗೆ ತಂದು ಓದಿ. ದಿನದ ಹಣ ಎಷ್ಟು, ಎಷ್ಟು ದಿನದಲ್ಲಿ ಕೊಡುತ್ತಾರೆ, ಬಟ್ಟೆ ಯಾರದ್ದು, ರಾತ್ರಿ ತಡವಾದರೆ ಗಾಡಿ ಕಳಿಸುತ್ತಾರಾ, ಈ ಸೀರಿಯಲ್ ನಡೆಯುವಾಗ ಬೇರೆ ಕಡೆ ಕೆಲಸ ಮಾಡಬಹುದಾ, ಇಷ್ಟನ್ನು ನೋಡಿ. ಕೊನೆಯದು ತುಂಬಾ ಮುಖ್ಯ. ತಿಂಗಳಿಗೆ ಐದು ದಿನ ಕರೆದು, ಬೇರೆ ಕಡೆ ಹೋಗಬೇಡ ಅಂದರೆ ಬದುಕುವುದು ಹೇಗೆ?

ಮೊದಲ ಸಲ ನೀವೂ ಜೊತೆಗೆ ಬನ್ನಿ. ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಮನೆಯಲ್ಲಿ ಆರು ತಿಂಗಳ ಬಾಡಿಗೆ, ಊಟದ ಖರ್ಚು ಬೇರೆ ತೆಗೆದಿಡಲು ಸಾಧ್ಯವಾ ಅಂತ ಈಗಲೇ ಲೆಕ್ಕ ಹಾಕಿ. ಆಗದಿದ್ದರೆ ಈ ಆಡಿಷನ್ ಬಿಟ್ಟರೂ ಪರವಾಗಿಲ್ಲ, ಸಾಣೇಹಳ್ಳಿಗೆ ಅರ್ಜಿ ಹಾಕಿ ಒಂದು ವರ್ಷ ಕಲಿಯಲಿ. ಅಗ್ರಿಮೆಂಟ್ ಬಂದರೆ ಹೆಸರು, ಮೊತ್ತ ಎಲ್ಲ ಮುಚ್ಚಿ ನನಗೆ ಮೆಸೇಜ್ ಮಾಡಿ. ಓದಿ, ಎಲ್ಲಿ ಏನು ಬದಲಿಸಲು ಕೇಳಬೇಕು ಅಂತ ಹೇಳುತ್ತೇನೆ.