ಮುದ್ದೆ ತೊಳಸುವಾಗ ಮಾತ್ರ ಸುಮ್ಮನಿರುವ ತಲೆ

ಹಳೇ ಮೈಸೂರು ಸೀಮೆಯ ತಾಲ್ಲೂಕು ಊರೊಂದರಿಂದ ನನ್ನ ಬಳಿ ಆಪ್ತಸಲಹೆಗೆ ಬಂದ ಆಕೆಗೆ 44 ವರ್ಷ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಮನೆಯಲ್ಲಿ ಗಂಡ, ಕಾಲೇಜಿಗೆ ಹೋಗುವ ಮಗ, ಮೈದುನ, ವಯಸ್ಸಾದ ಅತ್ತೆ. ಹಗಲು ಹೊಲಿಗೆ ಅಂಗಡಿಯ ಕೆಲಸ. "ಮೇಡಂ, ನನಗೂ ನಮ್ಮತ್ತೆ ಥರ ಅರಳುಮರಳು ಶುರುವಾಯ್ತಾ?" ಇದು ಅವರ ಮೊದಲ ಮಾತು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ವಾಪಸ್ ಓಡುತ್ತಿದ್ದರು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಮುಂಗೈ ಮೇಲೆ ಒಗ್ಗರಣೆ ಸಿಡಿದ ಕಲೆಗಳಿದ್ದವು.

ಮರೆವು ಎಂದು ಬಂದವರಿಗೆಲ್ಲ ಮನಸ್ಸಿನ ಅಭ್ಯಾಸ ಹೇಳಿ ಕಳಿಸುವಂತಿಲ್ಲ. ಮೊದಲು ವೈದ್ಯರ ಬಳಿ ಕಳಿಸಿದೆ. ಥೈರಾಯ್ಡ್, ಬಿ12 ಸರಿಯಿದ್ದವು. ರಕ್ತ ಕಡಿಮೆಯಿತ್ತು, ಕಬ್ಬಿಣಾಂಶದ ಮಾತ್ರೆ ಶುರುವಾಯಿತು. ಒಲೆಯನ್ನು ಒಂದು ಸಲ ನೋಡಿದರೆ ಅವರಿಗೆ ಸಮಾಧಾನವಾಗುತ್ತಿತ್ತು. ಹತ್ತು ಸಲ ನೋಡಿದರೂ ಅನುಮಾನ ತೀರದ ಗೀಳಿನ ಲಕ್ಷಣ ಅಲ್ಲಿರಲಿಲ್ಲ. ಬದುಕೇ ಬೇಡ ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು.

ಪಾತ್ರೆ ತೊಳೆಯುವಾಗ ತಲೆಯಲ್ಲಿ ಏನಿರುತ್ತದೆ ಎಂದು ಕೇಳಿದೆ. "ಮೈದುನ ಬೆಳಿಗ್ಗೆ ಅಂದ ಮಾತು. ಅದಕ್ಕೆ ನಾನೇನು ಹೇಳ್ಬೇಕಿತ್ತು ಅನ್ನೋದು. ಕೈ ಪಾತ್ರೆ ತೊಳೀತಿರುತ್ತೆ, ತಲೆ ಜಗಳ ಆಡ್ತಿರುತ್ತೆ." ಸಾಲದ್ದಕ್ಕೆ ಕಿಟಕಿಗೆ ಆನಿಸಿಟ್ಟ ಮೊಬೈಲಿನಲ್ಲಿ ಧಾರಾವಾಹಿ. ಗ್ಯಾಸ್ ಆರಿಸುವ ಹೊತ್ತಿಗೆ ಮನಸ್ಸು ಅಡುಗೆಮನೆಯಲ್ಲೇ ಇಲ್ಲದಿದ್ದರೆ, ಆರಿಸಿದ ನೆನಪು ಆಮೇಲೆ ಎಲ್ಲಿಂದ ಬರಬೇಕು?

ಇಲ್ಲಿ ನಾನೊಂದು ತಪ್ಪು ಮಾಡಿದೆ. ದಿನಾ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತು ಉಸಿರು ಗಮನಿಸಿ ಎಂದೆ. ಐದಕ್ಕೆ ಎದ್ದು ಹನ್ನೊಂದಕ್ಕೆ ಮಲಗುವ ಹೆಂಗಸಿನ ಮೇಲೆ ಇನ್ನೊಂದು ಕೆಲಸ ಹೇರಿದಂತಾಯಿತು. ಮರುವಾರ "ಇದೂ ನನ್ನ ಕೈಲಾಗ್ಲಿಲ್ಲ" ಎಂದು ಕಣ್ಣು ತುಂಬಿಕೊಂಡರು. ಆಗ ಬೇರೆ ಪ್ರಶ್ನೆ ಕೇಳಿದೆ: ಯಾವ ಕೆಲಸ ಮಾಡುವಾಗ ತಲೆ ಸುಮ್ಮನಿರುತ್ತದೆ?

ತುಸು ಯೋಚಿಸಿ, "ಮುದ್ದೆ ತೊಳಸುವಾಗ" ಎಂದರು. ಪಾತ್ರೆಯನ್ನು ಕವೆಗೋಲಿನಿಂದ ಅದುಮಿಕೊಂಡು ಕೋಲು ತಿರುಗಿಸುವಾಗ ಗಮನ ಆಚೆ ಹೋದರೆ ಹಿಟ್ಟು ಗಂಟು ಕಟ್ಟುತ್ತದೆ. ಹದ ಬಂತೆಂದು ಹೇಳುವುದು ತೋಳು, ಬೆಂದಿತೆಂದು ಹೇಳುವುದು ಮೂಗು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ ಶುರುಮಾಡಿದ ಎಂಟು ವಾರಗಳ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನವಿಡುವ) ತರಬೇತಿಯಲ್ಲಿ ಒಂದು ಒಣದ್ರಾಕ್ಷಿಯನ್ನು ಮುಟ್ಟಿ, ಮೂಸಿ, ನಿಧಾನವಾಗಿ ಅಗಿಯುತ್ತಾ ಗಮನ ಕಲಿಸುತ್ತಾರೆ. ಈ ತಾಯಿಗೆ ಆ ಪಾಠ ಆಗಲೇ ಕೈಗೆ ಹತ್ತಿತ್ತು.

ಹಾಗಾಗಿ ಹೇಳಿದ್ದು ಇಷ್ಟು. ರಾತ್ರಿಯ ಪಾತ್ರೆ ಮಾತ್ರ, ಬೇರೆ ಯಾವ ಕೆಲಸವೂ ಬೇಡ. ಆ ಹೊತ್ತು ಮೊಬೈಲ್ ನಡುಮನೆಯಲ್ಲಿರಲಿ. ನಿಧಾನ ಮಾಡಬೇಕಿಲ್ಲ, ದಿನದ ವೇಗವೇ ಸಾಕು. ನೀರಿನ ತಣುಪು, ನಾರು ಉಜ್ಜುವ ಸದ್ದು, ಜಿಡ್ಡು ಹೋದಾಗ ಬೆರಳಿಗೆ ಸಿಗುವ ನುಣುಪು, ಇವುಗಳ ಜೊತೆ ಇರಿ. ಮನಸ್ಸು ಜಗಳಕ್ಕೆ ಹೋಗಿಯೇ ಹೋಗುತ್ತದೆ. ಹೋದದ್ದು ಗೊತ್ತಾದಾಗ ಬೈದುಕೊಳ್ಳದೆ ಮತ್ತೆ ಬೆರಳಿಗೆ ಬನ್ನಿ; ನೂರು ಸಲ ಹೋದರೆ ನೂರು ಸಲ ಬನ್ನಿ. ಗ್ಯಾಸ್ ಆರಿಸುವಾಗ ಗುಬುಟಿನ ಮೇಲೆ ಕೈಯಿಟ್ಟು "ಆರಿಸಿದೆ" ಎಂದು ಬಾಯಿಬಿಟ್ಟು ಹೇಳಿ. ಅಳು ದಿನವೂ ಬಂದರೆ, ನಿದ್ದೆ ಕೆಟ್ಟರೆ ಅಭ್ಯಾಸ ನಿಲ್ಲಿಸಿ ನನಗೆ ತಿಳಿಸಿ. ನಾನು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಎರಡು ವಾರದ ಮೇಲೆ ಬಂದರು. "ಮೇಡಂ, ಎಲ್ಲಾ ಪಾತ್ರೆಗೂ ಸಿಟ್ಟು ಬರಲ್ಲ. ಮೂರು ತಟ್ಟೆ ಮುಟ್ಟಿದಾಗ ಮಾತ್ರ ಹಲ್ಲು ಕಚ್ಕೋತೀನಿ." ಮುದ್ದೆ ಅಂಟಿ ಒಣಗಿದ, ಒಂದು ಲೋಟ ನೀರೂ ಹಾಕದೆ ಬಿಟ್ಟ, ಮನೆಯ ಮೂವರು ಗಂಡಸರ ತಟ್ಟೆಗಳವು. ವರ್ಷಗಟ್ಟಲೆ ತೊಳೆದಿದ್ದರೂ ಈಗಷ್ಟೇ ಕಂಡಿದ್ದರು.

ಗಮನವಿಟ್ಟು ಮಾಡಿ, ಸಿಟ್ಟು ಇಳಿಯುತ್ತದೆ ಎಂದು ಅಲ್ಲಿಗೇ ಬಿಟ್ಟಿದ್ದರೆ ಅದು ಅನ್ಯಾಯವಾಗುತ್ತಿತ್ತು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆದರೆ, ಮಾಡುವ ಗಂಡಸರು 97 ನಿಮಿಷ. ಗಂಡಸರಲ್ಲಿ ಮುಕ್ಕಾಲು ಪಾಲು ಜನ ಆ ಕೆಲಸಕ್ಕೆ ಕೈಯನ್ನೇ ಹಾಕುವುದಿಲ್ಲ. ಗಂಡನನ್ನು ಕರೆಸಿದೆ. "ಅವಳು ಒಂದಿನಾನೂ ಹೇಳ್ಲಿಲ್ಲವಲ್ಲ" ಎಂದರು. ಆಕೆ ಅವರ ಎದುರೇ ಆ ಮೂರು ತಟ್ಟೆಯ ಮಾತು ಹೇಳಿದರು, ಅಳದೆ. ಅವರವರ ತಟ್ಟೆ ಅವರೇ ತೊಳೆಯುವುದೆಂದೂ, ರಾತ್ರಿ ಹಾಲು ಕಾಯಿಸಿ ರೆಗ್ಯುಲೇಟರ್ ಬಂದ್ ಮಾಡುವುದು ಗಂಡನ ಕೆಲಸವೆಂದೂ ಮಾತಾಯಿತು.

ಮೈದುನ ಇನ್ನೂ ತಟ್ಟೆ ಬಿಟ್ಟೇ ಏಳುತ್ತಾರಂತೆ. ಮಗ ತೊಳೆಯುತ್ತಾನೆ. ಕಳೆದ ವಾರ ಬಸ್ ಹತ್ತುವಾಗ ಮತ್ತೆ ಒಲೆಯ ಅನುಮಾನ ಬಂತಂತೆ. "ಬೆಳಿಗ್ಗೆ ನಾನೇ 'ಆರಿಸಿದೆ' ಅಂದಿದ್ದು ಕಿವೀಲಿ ಹಾಗೇ ಇತ್ತು ಮೇಡಂ. ಹತ್ತಿ ಕೂತ್ಕೊಂಡೆ."