ಟ್ಯೂಡರ್ ಬರೀ ಅಗ್ಗದ ರೋಲೆಕ್ಸ್ ಅಲ್ಲ

ಈ ಸಲದ ಕಾಫಿ ದುಡ್ಡಲ್ಲಿ ಟ್ಯೂಡರ್ ಕಂಪನಿಯ ಬ್ಲ್ಯಾಕ್ ಬೇ 58 ವಾಚು ತಗೊಂಡರೆ, ರೋಲೆಕ್ಸ್ ಕೊಳ್ಳೋಕಾಗದೆ ಇದಕ್ಕೆ ಇಳಿದ ಅಂತ ಸಕಲೇಶಪುರದ ನೆಂಟರು ಆಡಿಕೊಳ್ಳುತ್ತಾರಾ ಅಂತ ಕೇಳಿದ್ದೀರಿ. ಆಡಿಕೊಳ್ಳಲಿ ಬಿಡಿ ಸರ್, ತಗೊಳ್ಳಿ.

ಟ್ಯೂಡರ್ ಅಂದರೆ ಅಗ್ಗದ ರೋಲೆಕ್ಸ್ ಅನ್ನೋ ಮಾತು ಮೊದಮೊದಲು ನಿಜವೇ ಆಗಿತ್ತು. ರೋಲೆಕ್ಸ್ ಕಟ್ಟಿದ ಹ್ಯಾನ್ಸ್ ವಿಲ್ಸ್‌ಡಾರ್ಫ್ 1926ರಲ್ಲಿ ಈ ಹೆಸರು ನೋಂದಣಿ ಮಾಡಿಸಿದ್ದೇ, ರೋಲೆಕ್ಸ್‌ನಷ್ಟೇ ನಂಬಬಹುದಾದ ವಾಚು ಕಡಿಮೆ ಬೆಲೆಗೆ ಸಿಗಲಿ ಅಂತ. ಆಗ ಹೊರಗಿನ ಕೇಸು ರೋಲೆಕ್ಸಿನದು, ಒಳಗಿನ ಮೆಷಿನ್ ಬೇರೆಯವರದು. ಆದರೆ 1969ರಲ್ಲಿ ಬಂದ ಗಂಟೆ ಮುಳ್ಳು ನೋಡಿ, ತುದಿಯಲ್ಲಿ ಚೌಕ ಇರುತ್ತಲ್ಲ, 'ಸ್ನೋಫ್ಲೇಕ್' ಅಂತಾರೆ. ದೂರದಿಂದಲೇ ಇದು ಟ್ಯೂಡರ್ ಅಂತ ಗೊತ್ತಾಗುತ್ತದೆ. ಫ್ರೆಂಚ್ ನೌಕಾಪಡೆಯ ಡೈವರ್‌ಗಳು ಇದನ್ನೇ ಕಟ್ಟಿಕೊಂಡು ನೀರಿಗಿಳಿಯುತ್ತಿದ್ದರು. ಇದಕ್ಕಿಂತ ಸ್ವಂತಿಕೆ ಬೇಕಾ? 2015ರಿಂದ ತಮ್ಮದೇ ಮೆಷಿನ್ ಕೂಡ ಹಾಕುತ್ತಿದ್ದಾರೆ, ನೀವು ನೋಡಿರೋ 58ರಲ್ಲಿ ಪೂರ್ತಿ ಕೀ ಕೊಟ್ಟರೆ ಸುಮಾರು 70 ಗಂಟೆ ನಡೆಯುತ್ತದೆ. ಅಗಲ 39 ಮಿಲಿಮೀಟರ್, ಸಣ್ಣ ಕೈಗೂ ಒಪ್ಪುತ್ತದೆ. 200 ಮೀಟರ್ ಆಳದ ನೀರಿಗೆ ಮಾಡಿದ್ದು, ನಮ್ಮ ಮೂಡಿಗೆರೆ ಕಡೆ ಜುಲೈ ಮಳೆಯಲ್ಲಿ ತೋಟ ಸುತ್ತೋಕೆ ಧಾರಾಳ ಸಾಕು.

ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದರೆ ಮಾತ್ರ, ಗೊತ್ತಿರೋ ರಿಪೇರಿಯವರ ಹತ್ತಿರ ಹಿಂದಿನ ಮುಚ್ಚಳ ತೆಗೆಸಿ ಮೆಷಿನ್ ನೋಡದೆ ಸುಮ್ನೆ ದುಡ್ಡು ಕೊಡಬೇಡಿ.